ಬೆಂಚಿಗೆ ದಾನಿಗಳಿದ್ದಾರೆ, ಮಾಲಿಯ ಪಗಾರಕ್ಕಿಲ್ಲ: ಬಡಾವಣೆಯ ಉದ್ಯಾನಕ್ಕೆ ಹಣ ಕೂಡಿಸುವ ಲೆಕ್ಕ

ಉದ್ಯಾನಕ್ಕೆ ಜನರಿಂದ ಹಣ ಕೂಡುವುದಿಲ್ಲ ಎಂಬ ದೂರು ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ಉದ್ಯಾನ ಮಾಡುವುದಕ್ಕೆ ಹಣ ಬರುತ್ತದೆ. ಸಿಮೆಂಟಿನ ಬೆಂಚಿಗೆ, ಕಬ್ಬಿಣದ ಗೇಟಿಗೆ, ಮಕ್ಕಳ ಜಾರುಬಂಡೆಗೆ ದಾನಿಗಳು ತಾವಾಗಿಯೇ ಮುಂದೆ ಬರುತ್ತಾರೆ. ಬೆಂಚಿನ ಬೆನ್ನಿಗೆ ತಂದೆಯ ಹೆಸರು ಬರೆಸಿ, ಉದ್ಘಾಟನೆಯ ದಿನ ಪೇಢೆಯನ್ನೂ ಹಂಚುತ್ತಾರೆ. ಬಾರದೇ ಇರುವುದು ಎರಡನೆಯ ವರ್ಷದ ಏಪ್ರಿಲ್ ತಿಂಗಳ ಮಾಲಿಯ ಪಗಾರ. ಅದರ ಮೇಲೆ ಹೆಸರು ಬರೆಸಲು ಬರುವುದಿಲ್ಲವಲ್ಲ.

ವಂತಿಗೆ ಎತ್ತುವುದು ನಮ್ಮ ಓಣಿಗಳಿಗೆ ಹೊಸ ವಿದ್ಯೆಯೇನೂ ಅಲ್ಲ. ಗಣೇಶ ಚೌತಿ ಹತ್ತಿರವಾದಂತೆ ಮಂಡಳಿಯ ಹುಡುಗರು ಪಾವತಿ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಾರೆ. ಓಣಿಯ ಹಿರಿಯರೊಬ್ಬರು 501 ಬರೆಸಿದರೆ ಮುಂದಿನ ಹತ್ತು ಮನೆಗಳೂ 501 ಬರೆಸುತ್ತವೆ. ಅವರು 1,001 ಬರೆಸಿದರೆ ಉಳಿದವರು ಒಂದು ಕ್ಷಣ ಯೋಚಿಸಿ ಅಷ್ಟನ್ನೇ ಬರೆಸುತ್ತಾರೆ. ಕಡಿಮೆ ಬಿದ್ದದ್ದನ್ನು ಕೊನೆಯ ದಿನದ ಪ್ರಸಾದದ ಸವಾಲು, ಅಂದರೆ ಹರಾಜು, ತುಂಬಿಕೊಡುತ್ತದೆ. ವಿಸರ್ಜನೆಯಾಗುತ್ತದೆ, ಲೆಕ್ಕ ಮುಗಿಯುತ್ತದೆ, ಉಳಿದ ಹಣದಲ್ಲಿ ಒಂದು ಊಟವೂ ಆಗುತ್ತದೆ. ಈ ಪದ್ಧತಿಗೆ ನೂರು ವರ್ಷದ ಪಳಗಿದ ಕೈಯಿದೆ, ಅದನ್ನು ಹೀಗಳೆಯುವ ಕಾರಣವಿಲ್ಲ. ಆದರೆ ಅದು ಕೊನೆಯ ದಿನವಿರುವ ಕೆಲಸಕ್ಕೆ ಹುಟ್ಟಿದ ಪದ್ಧತಿ. ಉದ್ಯಾನಕ್ಕೆ ವಿಸರ್ಜನೆಯ ದಿನವಿಲ್ಲ. ಹಬ್ಬದ ಪಟ್ಟಿಯನ್ನೇ ಎತ್ತಿ ಉದ್ಯಾನಕ್ಕೆ ಹಚ್ಚಿದಾಗ ಮೊದಲ ವರ್ಷ ಸಂಭ್ರಮ, ಎರಡನೆಯ ವರ್ಷ ಮುಜುಗರ, ಮೂರನೆಯ ವರ್ಷ ಪಾರ್ಥೇನಿಯಂ ಕಳೆ.

ಮೊದಲು ಜಾಗ ಯಾರದು

ಹಣದ ಮಾತಿಗಿಂತ ಮುಂಚೆ ಒಂದು ಕಾಗದ ನೋಡಬೇಕು: ಬಡಾವಣೆಯ ಮಂಜೂರಾದ ನಕ್ಷೆ. ಲೇಔಟ್ ಮಾಡುವವರು ಉದ್ಯಾನಕ್ಕೆಂದು ಜಾಗ ಬಿಡಲೇಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಆ ನಕ್ಷೆಗೆ ಮಂಜೂರಾತಿ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಹುಡಾ. ಬಡಾವಣೆ ಮಹಾನಗರ ಪಾಲಿಕೆಗೆ ಹಸ್ತಾಂತರವಾದ ಮೇಲೆ ರಸ್ತೆ, ಗಟಾರಗಳ ಜೊತೆಗೆ ಉದ್ಯಾನವೂ ಪಾಲಿಕೆಯದಾಗುತ್ತದೆ. ಹಸ್ತಾಂತರ ಆಗಿರದಿದ್ದರೆ ಬೀದಿದೀಪದಿಂದ ಹಿಡಿದು ಉದ್ಯಾನದ ನಲ್ಲಿಯವರೆಗೆ ಯಾರನ್ನು ಕೇಳಬೇಕು ಎಂಬುದೇ ಗೊಂದಲ. ಅಂಥ ಕಡೆ ಮೊದಲ ವಂತಿಗೆಯನ್ನು ಸಸಿಗಳ ಮೇಲೆ ಖರ್ಚು ಮಾಡುವುದಕ್ಕಿಂತ ಹಸ್ತಾಂತರದ ಬೆನ್ನು ಹತ್ತುವುದು ಲೇಸು.

ಜಾಗ ಪಾಲಿಕೆಯದು ಎಂಬುದರಿಂದ ಎರಡು ಪರಿಣಾಮಗಳಾಗುತ್ತವೆ, ಎರಡೂ ವಂತಿಗೆಗೆ ಸಂಬಂಧಿಸಿದವು. ಒಂದು, ನಿವಾಸಿಗಳ ಸಂಘ ಎಷ್ಟೇ ಹಣ ಹಾಕಿದರೂ ಅದರ ಮಾಲೀಕತ್ವ ಸಂಘಕ್ಕೆ ಬರುವುದಿಲ್ಲ. ಪಾಲಿಕೆಯೊಂದಿಗೆ ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳಬಹುದು, ಅಷ್ಟೇ. ಉದ್ಯಾನಗಳ ಜಾಗವನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಯಲು 1985ರ ಒಂದು ರಾಜ್ಯ ಕಾಯ್ದೆಯೇ ಇದೆ. ಎರಡು, ವಂತಿಗೆ ಕೊಡದವರನ್ನು ಗೇಟಿನಲ್ಲಿ ತಡೆಯುವಂತಿಲ್ಲ. ಪಕ್ಕದ ಓಣಿಯ ಅಜ್ಜ ಬಂದು ನಿಮ್ಮ ಬೆಂಚಿನ ಮೇಲೆ ಕುಳಿತರೆ ಅದು ಅವರ ಹಕ್ಕು. ‘ನಾವು ದುಡ್ಡು ಕೊಟ್ಟಿದ್ದೇವೆ, ಅವರು ಸುಮ್ಮನೆ ಬಂದು ಕೂರುತ್ತಾರೆ’ ಎಂಬ ಗೊಣಗಾಟ ಪ್ರತಿ ಸಭೆಯಲ್ಲೂ ಏಳುತ್ತದೆ. ಇದಕ್ಕೆ ಬೀಗ ಉತ್ತರವಲ್ಲ. ಕೊಡದವರು ಇದ್ದೇ ಇರುತ್ತಾರೆ ಎಂದು ಮೊದಲೇ ಲೆಕ್ಕ ಹಿಡಿಯುವುದು ಉತ್ತರ.

ದಾನಿಗಳ ಪೈಕಿ ಒಬ್ಬರು ಯಾವಾಗಲಾದರೂ ದೊಡ್ಡ ಮೊತ್ತ ಹಿಡಿದು ಬಂದು, ಮೂಲೆಯಲ್ಲಿ ಒಂದು ಚಿಕ್ಕ ಗುಡಿ ಕಟ್ಟಿಸೋಣ ಎನ್ನುತ್ತಾರೆ. ಸಾರ್ವಜನಿಕ ಉದ್ಯಾನ, ಬೀದಿಗಳಲ್ಲಿ ಯಾವ ಧರ್ಮದ ಹೊಸ ಅನಧಿಕೃತ ಕಟ್ಟಡಕ್ಕೂ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶಿಸಿದೆ. ಕೈಮುಗಿದು ಬೇಡ ಎನ್ನುವ ಧೈರ್ಯ ಸಮಿತಿಯಲ್ಲಿ ಒಬ್ಬರಿಗಾದರೂ ಇರಬೇಕು.

ಎರಡು ಗಂಟು

ಕಟ್ಟುವ ಹಣ ಬೇರೆ, ನಡೆಸುವ ಹಣ ಬೇರೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಕಟ್ಟುವ ಕೆಲಸವೇ ಎಲ್ಲವನ್ನೂ ನುಂಗುತ್ತದೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ.

ಒಂದು ಉದಾಹರಣೆ ಹಿಡಿಯೋಣ. 120 ಮನೆಗಳ ಬಡಾವಣೆ, 10 ಗುಂಟೆಯ ಉದ್ಯಾನ. ಅರ್ಧ ದಿನ ಬಂದು ಹೋಗುವ ಮಾಲಿಗೆ ತಿಂಗಳಿಗೆ 9,000 ರೂಪಾಯಿ ಎಂದುಕೊಂಡರೆ ವರ್ಷಕ್ಕೆ 1,08,000. ಬೇಸಿಗೆಯಲ್ಲಿ 20 ಟ್ಯಾಂಕರ್ ನೀರು, ತಲಾ 700ರಂತೆ 14,000. ದೀಪಗಳ ಹೆಸ್ಕಾಂ ಬಿಲ್ಲು ತಿಂಗಳಿಗೆ 1,000ದಂತೆ 12,000. ತಿಪ್ಪೆಗೊಬ್ಬರ, ಸಸಿ, ಸಲಿಕೆ, ಪೈಪಿಗೆ 16,000. ಮುರಿದ ಜೋಕಾಲಿ, ಸೋರುವ ನಲ್ಲಿಗಳ ರಿಪೇರಿಗೆ 20,000. ಲೆಕ್ಕ ತಪಾಸಣೆ ಮತ್ತು ಚಿಲ್ಲರೆ ಖರ್ಚು 10,000. ಒಟ್ಟು 1,80,000. ಈ ದರಗಳು ನಿಮ್ಮ ಕಡೆ ಬೇರೆ ಇದ್ದಾವು. ಆದರೆ ಪ್ರಮಾಣ ಗಮನಿಸಿ. ನೂರು ರೂಪಾಯಿಯಲ್ಲಿ 60 ಹೋಗುವುದು ಒಬ್ಬ ಮನುಷ್ಯನ ದುಡಿಮೆಗೆ. ಅಷ್ಟಿದ್ದರೂ ವಂತಿಗೆಯ ಕರಪತ್ರದಲ್ಲಿ ಅವನ ಹೆಸರಿರುವುದಿಲ್ಲ, ಜಾರುಬಂಡೆಯ ಚಿತ್ರವಿರುತ್ತದೆ.

ಈಗ ಭಾಗಾಕಾರ. 1,80,000ವನ್ನು 120 ಮನೆಗಳಿಗೆ ಹಂಚಿದರೆ ವರ್ಷಕ್ಕೆ 1,500, ತಿಂಗಳಿಗೆ 125. ಸಮಿತಿಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ, ಮುಂದೆ ಎಡವುತ್ತವೆ. ಎಲ್ಲ ಮನೆಗಳೂ ಕೊಡುವುದಿಲ್ಲ. ಒಂದೆರಡು ಮನೆಗೆ ಬೀಗ, ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಕೆಲವರು ಬಾಡಿಗೆದಾರರು, ಮಾಲೀಕರನ್ನು ಕೇಳಿ ಎನ್ನುತ್ತಾರೆ; ಮಾಲೀಕರು, ಅಲ್ಲಿರುವವರನ್ನು ಕೇಳಿ ಎನ್ನುತ್ತಾರೆ. ಇನ್ನು ಕೆಲವರಿಗೆ ಕಾರ್ಯದರ್ಶಿಯ ಮೇಲೆ ಹಳೆಯ ಸಿಟ್ಟು. ಮೂರರಲ್ಲಿ ಎರಡು ಪಾಲು, ಅಂದರೆ 80 ಮನೆಗಳು ಕೊಡುತ್ತವೆ ಎಂದುಕೊಂಡರೆ ಒಂದು ಮನೆಗೆ ವರ್ಷಕ್ಕೆ 2,250 ಬೀಳುತ್ತದೆ. ಹಾಗಾಗಿ ಕೇಳಬೇಕಾದದ್ದು ತಿಂಗಳಿಗೆ 200. ಆಗ 1,92,000 ಕೂಡುತ್ತದೆ, ಮಾಲಿ ಜಡ್ಡು ಬಿದ್ದಾಗ ಬದಲಿಯಾಳಿಗೆ ಕೊಡಲು, ಗಾಳಿ-ಮಳೆಗೆ ಕೊಂಬೆ ಮುರಿದು ಬೇಲಿಯ ಮೇಲೆ ಬಿದ್ದಾಗ ಖರ್ಚು ಮಾಡಲು 12,000 ಉಳಿಯುತ್ತದೆ. 125 ಕೇಳಿ, 80 ಮನೆಗಳಿಂದ 1,20,000 ಬಂದು, ನವೆಂಬರಿನಲ್ಲೇ ಗಂಟು ಬರಿದಾಗಿಸಿಕೊಳ್ಳುವುದಕ್ಕಿಂತ ಇದು ಪ್ರಾಮಾಣಿಕ. ಕೊಡದವರ ಪಾಲನ್ನು ಕೊಡುವವರು ಹೊರುತ್ತಿದ್ದಾರೆ ಎಂಬುದನ್ನು ಮುಚ್ಚಿಡದೆ ಸಭೆಯಲ್ಲೇ ಹೇಳುವುದೂ ಒಳ್ಳೆಯದು. ಹೇಳಿದಾಗ ಹೊಸದಾಗಿ ಕೊಡಲು ಶುರು ಮಾಡುವ ನಾಲ್ಕು ಮನೆಗಳು ಸಿಗುತ್ತವೆ.

ಹುಲ್ಲುಹಾಸು ಕುಡಿಯುವ ವಂತಿಗೆ

ಖರ್ಚಿನ ಲೆಕ್ಕದಲ್ಲಿ ಎಲ್ಲರೂ ಮಾಲಿಯ ಪಗಾರದ ಮೇಲೆ ಚೌಕಾಶಿ ಮಾಡುತ್ತಾರೆ, ಹುಲ್ಲಿನ ಮೇಲೆ ಯಾರೂ ಮಾಡುವುದಿಲ್ಲ. ಉಲ್ಟಾ ಆಗಬೇಕು.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ನಮ್ಮ ಮಾರ್ಚ್-ಮೇ ತಿಂಗಳ ಬಿಸಿಲಿಗೆ ಹುಲ್ಲುಹಾಸು ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಬೇಕು ಎಂದು ಹಿಡಿಯಬಹುದು. ಒಂದು ಗುಂಟೆ ಎಂದರೆ 1,089 ಚದರ ಅಡಿ, ಸುಮಾರು 101 ಚದರ ಮೀಟರ್. ಅಂದರೆ ಒಂದು ಗುಂಟೆ ಹುಲ್ಲು ದಿನಕ್ಕೆ 500 ಲೀಟರ್ ಕುಡಿಯುತ್ತದೆ. 10 ಗುಂಟೆಯ ಉದ್ಯಾನದಲ್ಲಿ 6 ಗುಂಟೆ ಹುಲ್ಲು ಹಾಸಿದರೆ ದಿನಕ್ಕೆ 3,000 ಲೀಟರ್, 90 ದಿನಕ್ಕೆ 2,70,000 ಲೀಟರ್, 5,000 ಲೀಟರಿನ 54 ಟ್ಯಾಂಕರ್. ಮೇಲಿನ ದರದಲ್ಲಿ 37,800 ರೂಪಾಯಿ. ಒಂದೇ ಗುಂಟೆ ಹುಲ್ಲಿಗೆ ಸಾಕೆಂದರೆ 9 ಟ್ಯಾಂಕರ್, 6,300 ರೂಪಾಯಿ. ನಡುವಿನ ವ್ಯತ್ಯಾಸ 31,500. ಅಂದರೆ 13 ಮನೆಗಳು ವರ್ಷಪೂರ್ತಿ ಕೊಟ್ಟ ವಂತಿಗೆ. ಅದೇ 60 ಎಳೆಯ ಸಸಿಗಳಿಗೆ ವಾರಕ್ಕೆ ಎರಡು ಬಾರಿ 20 ಲೀಟರಿನಂತೆ ಹಾಕಿದರೆ ಇಡೀ ಬೇಸಿಗೆಗೆ ಆರೇಳು ಟ್ಯಾಂಕರ್ ಸಾಕು. ಬುಡಕ್ಕೆ ಒಣಗಿದ ಎಲೆಗಳ ಹೊದಿಕೆ ಹಾಕಿದರೆ ಇನ್ನೂ ಕಡಿಮೆ. ಆ ಎಲೆಗಳನ್ನು ಗುಡಿಸಿ ಬೆಂಕಿ ಹಚ್ಚುವುದನ್ನು ಮೊದಲು ಬಿಡಬೇಕು.

ಸವದತ್ತಿಯ ಮಲಪ್ರಭಾ ಜಲಾಶಯದಿಂದ ಇಷ್ಟು ದೂರ ಪೈಪಿನಲ್ಲಿ ಬರುವ ನೀರಿಗೆ ಎಷ್ಟೋ ಬಡಾವಣೆಗಳು ದಿನಗಟ್ಟಲೆ ಕಾಯುವ ಊರಿನಲ್ಲಿ, ಮೊಬೈಲಿನಲ್ಲಿ ಕಂಡ ಲಂಡನ್ ಉದ್ಯಾನದ ಹುಲ್ಲನ್ನು ಬೆಳೆಸುವ ಹಟ ನನಗಂತೂ ಅರ್ಥವಾಗುವುದಿಲ್ಲ. ಹೊಂಗೆ, ಬೇವು, ನೇರಳೆ ಎರಡು-ಮೂರು ಬೇಸಿಗೆ ದಾಟಿದರೆ ಆಮೇಲೆ ಹೆಚ್ಚು ಕೇಳುವ ಮರಗಳಲ್ಲ. ಅರಣ್ಯ ಇಲಾಖೆ ಮತ್ತು ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ಸಸಿಗಳು ಖಾಸಗಿ ನರ್ಸರಿಗಿಂತ ಅಗ್ಗವಾಗಿ ಸಿಗುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೈಯಳತೆಯಲ್ಲೇ ಇದೆ. ಮಣ್ಣಿನ ಬಗ್ಗೆ ಕೇಳಲು ದೂರ ಹೋಗಬೇಕಾಗಿಲ್ಲ.

ಮಣ್ಣೂ ಲೆಕ್ಕವನ್ನು ಬದಲಿಸುತ್ತದೆ. ಧಾರವಾಡದ ಪಶ್ಚಿಮಕ್ಕೆ ಮಸಾರಿ, ಅಂದರೆ ಕೆಂಪು ನೆಲ. ಹುಬ್ಬಳ್ಳಿಯ ಪೂರ್ವಕ್ಕೆ ಸರಿದಂತೆ ಎರೆ, ಅಂದರೆ ಕಪ್ಪು ನೆಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ತೆಳುವಾದ ಬುನಾದಿ ಹಾಕಿ ಕಟ್ಟಿದ ಕಾಂಪೌಂಡ್ ಗೋಡೆ ಬಿರಿಯುತ್ತದೆ, ಬೆಂಚು ಒಂದು ಬದಿಗೆ ವಾಲುತ್ತದೆ, ಗರಸು ಹಾಸದ ನಡಿಗೆ ದಾರಿ ಆಷಾಢದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಧಾರವಾಡದ ಬೀಗರು ತಮ್ಮ ಬಡಾವಣೆಯಲ್ಲಿ ಇಷ್ಟಕ್ಕೇ ಗೋಡೆ ಮುಗಿಸಿದರು ಎಂದು ಹುಬ್ಬಳ್ಳಿಯಲ್ಲಿ ಅಂದಾಜುಪಟ್ಟಿ ಬರೆಯುವಂತಿಲ್ಲ. ಎರೆ ನೆಲದಲ್ಲಿ ಗೋಡೆಗಿಂತ ತಂತಿಬೇಲಿ ಮತ್ತು ಸಾಲು ಗಿಡಗಳೇ ವಾಸಿ.

ಪಟ್ಟಿಯ ಮೊದಲ ಹೆಸರು

ಕಟ್ಟುವ ಗಂಟಿನ ಸ್ವಭಾವವೇ ಬೇರೆ. ನಡೆಸುವ ಹಣವನ್ನು ಸಮನಾಗಿ ಕೇಳಬಹುದು. ಕಟ್ಟುವ ಹಣವನ್ನು ಸಮನಾಗಿ ಕೇಳಿದರೆ ಅದು ಎಂದೂ ಕೂಡುವುದಿಲ್ಲ. 6 ಲಕ್ಷ ಬೇಕು, 120 ಮನೆ, ತಲಾ 5,000 ಎಂದು ಪಟ್ಟಿ ಹಾಕಿದಿರಿ ಎನ್ನಿ. ಪಿಂಚಣಿಯಲ್ಲಿ ಬದುಕುವ ವಿಧವೆಗೆ ಅದು ಹೊರೆ, ಎರಡು ಅಂಗಡಿಯ ಮಾಲೀಕರಿಗೆ ಅದು ಚಿಲ್ಲರೆ. ಮೊದಲನೆಯವರು ಕೊಡಲಾರರು, ಎರಡನೆಯವರು 5,000 ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ದೊಡ್ಡ ಮೊತ್ತ ಕೂಡುವುದು ಮೆಟ್ಟಿಲು ಮೆಟ್ಟಿಲಾಗಿ. 2 ಮನೆಗಳಿಂದ 50,000ದಂತೆ 1 ಲಕ್ಷ. 8 ಮನೆಗಳಿಂದ 20,000ದಂತೆ 1.6 ಲಕ್ಷ. 20 ಮನೆಗಳಿಂದ 8,000ದಂತೆ ಮತ್ತೆ 1.6 ಲಕ್ಷ. 30 ಮನೆಗಳಿಂದ 4,000ದಂತೆ 1.2 ಲಕ್ಷ. 40 ಮನೆಗಳಿಂದ 1,500ರಂತೆ 60,000. ಅಲ್ಲಿಗೆ 6 ಲಕ್ಷವಾಯಿತು, 20 ಮನೆಗಳು ಏನನ್ನೂ ಕೊಡದೆಯೂ. ಮೇಲಿನ 10 ಮನೆಗಳೇ ಹೆಚ್ಚುಕಡಿಮೆ ಅರ್ಧದಷ್ಟನ್ನು ತುಂಬಿದವು ಎಂಬುದನ್ನು ನೋಡಿ.

ಇದರಿಂದ ಕೆಲಸದ ಕ್ರಮ ತಾನಾಗಿಯೇ ಗೊತ್ತಾಗುತ್ತದೆ. ಪಟ್ಟಿಯನ್ನು ಬಹಿರಂಗ ಮಾಡುವ ಮುನ್ನ ಆ ಹತ್ತು ಮನೆಗಳಿಗೆ ಹೋಗಿ ಬರಬೇಕು, ಚಹಾ ಕುಡಿದು, ಕೂತು ಮಾತಾಡಿ. ಪಟ್ಟಿಯ ಮೊದಲ ಸಾಲು ಉಳಿದವರ ಅಳತೆಗೋಲು. ಅಲ್ಲಿ 501 ಇದ್ದರೆ ಕೆಳಗೂ 501, 50,000 ಇದ್ದರೆ ಕೆಳಗಿನವರು ತಮ್ಮ ಶಕ್ತಿಯನ್ನು ತಾವೇ ಅಳೆದುಕೊಳ್ಳುತ್ತಾರೆ. ಹಣ ಕೇಳಲು ಇಬ್ಬರು ಹೋಗುವುದು ಮೇಲು: ಒಬ್ಬರು ಆ ಮನೆಯವರಿಗೆ ಬೇಕಾದವರು, ಇನ್ನೊಬ್ಬರು ಲೆಕ್ಕ ಗೊತ್ತಿರುವವರು. ಹೋಗುವವರು ತಮ್ಮ ಪಾಲನ್ನು ಮೊದಲೇ ಕೊಟ್ಟಿರಬೇಕು. ‘ನಿಮ್ಮದು ಎಷ್ಟ್ರೀ?’ ಎಂಬ ಪ್ರಶ್ನೆ ಬಾಗಿಲಲ್ಲೇ ಬರುತ್ತದೆ.

ಹಣ ಕೊಡಲಾರದವರನ್ನು ಬಿಡುವುದು ದೊಡ್ಡ ತಪ್ಪು. ಭಾನುವಾರ ಎರಡು ತಾಸು ಕಳೆ ಕೀಳುವವರು, ಸಂಜೆ ಗೇಟಿನ ಕೀಲಿ ಹಾಕುವವರು, ತಮ್ಮ ಮನೆಯ ಕೊಳವೆಬಾವಿಯಿಂದ ಪೈಪು ಎಳೆದುಕೊಡುವವರು, ಇವರೆಲ್ಲ ವಂತಿಗೆ ಕೊಟ್ಟವರೇ. ಅವರ ಹೆಸರೂ ಅದೇ ಪಟ್ಟಿಯಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಇರಬೇಕು. ಒಂದು ಮೂಲೆಯಲ್ಲಿ ತರಕಾರಿ ಮಡಿ ಮಾಡಿದರೆ ಮಾತ್ರ ಬದನೆಕಾಯಿ ಯಾರ ಪಾಲಿಗೆ ಎಂಬುದನ್ನು ಬೀಜ ಹಾಕುವ ಮೊದಲೇ ಬರೆದಿಡಿ. 50,000ದ ವಿಷಯದಲ್ಲಿ ಜಗಳವಾಡದವರು ಅರ್ಧ ಕಿಲೋ ಬದನೆಕಾಯಿಗೆ ವರ್ಷಗಟ್ಟಲೆ ಮಾತು ಬಿಡುತ್ತಾರೆ.

ಇನ್ನು ಆ ಬೆಂಚಿನ ದಾನಿಗಳು. ಹೆಸರು ಉಳಿಯಬೇಕು ಎಂಬ ಆಸೆಯಲ್ಲಿ ತಪ್ಪೇನಿಲ್ಲ, ಅದನ್ನು ಪಗಾರದ ಕಡೆಗೆ ತಿರುಗಿಸಬೇಕು. ದಾರಿ ನಮ್ಮಲ್ಲೇ ಇದೆ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅಷ್ಟೊಂದು ದತ್ತಿ ಉಪನ್ಯಾಸಗಳು ನಡೆಯುವುದು ಹೇಗೆ? ಹಿರಿಯರ ನೆನಪಿನಲ್ಲಿ ಒಂದು ಮೊತ್ತವನ್ನು ಠೇವಣಿ ಇಡುತ್ತಾರೆ. ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ, ಆ ಹಿರಿಯರ ಹೆಸರಿನಲ್ಲೇ. ಉದ್ಯಾನಕ್ಕೂ ದತ್ತಿ ಏಕಾಗಬಾರದು? ಬಡ್ಡಿ ಶೇಕಡಾ 6.5 ಎಂದುಕೊಂಡರೆ 1,40,000ದ ಠೇವಣಿ ವರ್ಷಕ್ಕೆ 9,100 ಕೊಡುತ್ತದೆ: ಮಾಲಿಯ ಒಂದು ತಿಂಗಳ ಪಗಾರ. ಗೇಟಿನ ಫಲಕದಲ್ಲಿ ‘ಏಪ್ರಿಲ್ ತಿಂಗಳ ಸೇವೆ: ಇಂಥವರ ದತ್ತಿ’ ಎಂದು ಬರೆಯಬಹುದು. ಒಂದು ತೊಡಕಿದೆ. ಪಗಾರ ವರ್ಷದಿಂದ ವರ್ಷಕ್ಕೆ ಏರುತ್ತದೆ, ಠೇವಣಿ ಏರುವುದಿಲ್ಲ. ಹತ್ತು ವರ್ಷದ ನಂತರ ಅದೇ ಬಡ್ಡಿ ಅರ್ಧ ತಿಂಗಳಿಗೂ ಸಾಲದೆ ಹೋಗಬಹುದು. ದತ್ತಿಪತ್ರದಲ್ಲೇ ಇದನ್ನು ಹೇಳಿ, ಐದು ವರ್ಷಕ್ಕೊಮ್ಮೆ ಮೂಲಧನಕ್ಕೆ ಸೇರಿಸಲು ಮನೆತನದವರನ್ನು ಕೇಳಬೇಕು. ಬೆಂಚೇ ಬೇಕು ಎಂದು ಹಟ ಹಿಡಿದವರಿಂದ ಬೆಂಚಿನ ಬೆಲೆಯ ಜೊತೆ ಅದರ ಐದು ವರ್ಷದ ಬಣ್ಣ-ರಿಪೇರಿಯ ಹಣವನ್ನೂ ತೆಗೆದುಕೊಳ್ಳಿ. ನೆನಪಿನ ಸಸಿಗಳ ವಿಷಯದಲ್ಲಿ ಹುಷಾರು: ಗಿಡ ಒಣಗಿ ಹೆಸರಿನ ಪಟ್ಟಿ ಮಾತ್ರ ಉಳಿದರೆ ಆ ಮನೆಯವರಿಗೆ ಮುಖ ತೋರಿಸುವುದು ಕಷ್ಟ.

ಕಿರ್ದಿ ಇಲ್ಲದೆ ಮೂರನೆಯ ವರ್ಷವಿಲ್ಲ

ಜನ ಕೊಡುವುದನ್ನು ನಿಲ್ಲಿಸುವುದು ಹಣವಿಲ್ಲದ್ದಕ್ಕಲ್ಲ. ಹೋದ ಸಲದ ಹಣ ಏನಾಯಿತು ಎಂದು ಗೊತ್ತಾಗದ್ದಕ್ಕೆ. ಈ ಮಾತು ನಮ್ಮ ಸೀಮೆಗೆ ಹಳೆಯದು. ಗದುಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಪರಸ್ಪರ ಗೊತ್ತಿರುವವರು ಚಿಕ್ಕ ಮೊತ್ತಗಳನ್ನು ಕೂಡಿಸಿ ದೊಡ್ಡದು ಮಾಡುವ ಆ ಏರ್ಪಾಡು ನಿಂತದ್ದು ಬರೆದಿಟ್ಟ ಲೆಕ್ಕದ ಮೇಲೆ. ಹಂಚಿಕೊಂಡು ಬಳಸುವ ನೀರು, ಕಾಡು, ಮೀನುಗಾರಿಕೆಯ ನೆಲೆಗಳನ್ನು ಜನ ಹೇಗೆ ಕೆಡದಂತೆ ಕಾಪಾಡಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರೂ ಬಹುಪಾಲು ಇದನ್ನೇ ಕಂಡರು: ನಿಯಮಗಳನ್ನು ಬಳಸುವವರೇ ಮಾಡಿಕೊಂಡಿರಬೇಕು, ಮೇಲ್ವಿಚಾರಣೆ ಮಾಡುವವರು ಅವರಿಗೇ ಉತ್ತರ ಕೊಡುವಂತಿರಬೇಕು, ತಪ್ಪಿದವರಿಗೆ ಮೊದಲ ದಂಡ ಚಿಕ್ಕದಿರಬೇಕು.

ಬಡಾವಣೆಯ ಮಟ್ಟದಲ್ಲಿ ಇದರ ಅರ್ಥ ಇಷ್ಟು. ಸಂಖ್ಯೆ ಮುದ್ರಿಸಿದ ಪಾವತಿ ಪುಸ್ತಕ. ಹಾಳಾದ ಪಾವತಿಯನ್ನೂ ಹರಿಯದೆ ಅಲ್ಲೇ ಅಂಟಿಸಿಡಬೇಕು. ದಿನದ ಜಮಾ-ಖರ್ಚಿಗೆ ಕಿರ್ದಿ. ಬ್ಯಾಂಕಿನಿಂದ ಹಣ ತೆಗೆಯಲು ಇಬ್ಬರ ಸಹಿ, ಅವರಿಬ್ಬರು ಒಂದೇ ಮನೆಯವರಾಗಿರಬಾರದು. ಪ್ರತಿ ತಿಂಗಳ 5ನೆಯ ತಾರೀಕಿನೊಳಗೆ ಗೇಟಿನ ಫಲಕದ ಮೇಲೆ ನಾಲ್ಕು ಸಾಲು: ಹೋದ ತಿಂಗಳ ಉಳಿಕೆ, ಬಂದದ್ದು, ಹೋದದ್ದು, ಈಗ ಇರುವುದು. ಇಪ್ಪತ್ತು ಪುಟದ ವಾರ್ಷಿಕ ವರದಿಯನ್ನು ಯಾರೂ ಓದುವುದಿಲ್ಲ. ವಾಕಿಂಗ್ ಬಂದವರೆಲ್ಲ ಈ ನಾಲ್ಕು ಸಾಲು ಓದುತ್ತಾರೆ. ಕೊಡದವರ ಹೆಸರು ಬರೆಯುವ ಚಪಲ ಮಾತ್ರ ಬೇಡ. ಕೊಟ್ಟವರ ಹೆಸರಿದ್ದರೆ ಸಾಕು, ಉಳಿದದ್ದನ್ನು ಓಣಿ ತಾನೇ ಓದಿಕೊಳ್ಳುತ್ತದೆ.

ಎಲ್ಲಕ್ಕಿಂತ ಕೆಟ್ಟ ಅಭ್ಯಾಸವೆಂದರೆ ಕಾರ್ಯದರ್ಶಿಯ ಸ್ವಂತ ಮೊಬೈಲಿನ ಯುಪಿಐಗೆ ಹಣ ಹಾಕಿಸಿಕೊಳ್ಳುವುದು. ಅನುಕೂಲ ನಿಜ. ಆದರೆ ಓಣಿಯ 1,92,000 ಅವರ ಖಾತೆಯಲ್ಲಿ ಅವರ ಕಿರಾಣಿ, ಪೆಟ್ರೋಲಿನ ಜೊತೆ ಬೆರೆತು ಹೋಗುತ್ತದೆ. ಆದಾಯ ತೆರಿಗೆಯವರು ಕೇಳಿದರೆ ಉತ್ತರ ಅವರೇ ಕೊಡಬೇಕು. ಅವರು ತೀರಿಕೊಂಡರೆ ಬ್ಯಾಂಕು ಅದನ್ನು ಅವರ ನಾಮಿನಿಗೋ ವಾರಸುದಾರರಿಗೋ ಕೊಡುತ್ತದೆ. ಎಷ್ಟೇ ಪ್ರಾಮಾಣಿಕರಾಗಿದ್ದರೂ ಯಾರನ್ನೂ ಈ ಇಕ್ಕಟ್ಟಿಗೆ ದೂಡಬಾರದು. ಸಂಘದ ಹೆಸರಿನ ಖಾತೆ, ಸಂಘದ ಹೆಸರಿನ ಪ್ಯಾನ್, ಆ ಖಾತೆಯ ಕ್ಯೂಆರ್ ಕೋಡ್. ಅದನ್ನೇ ಗೇಟಿಗೆ ಹಚ್ಚಿ.

ಅದಕ್ಕೆ ಸಂಘ ನೋಂದಣಿಯಾಗಿರುವುದು ಅನುಕೂಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಸೇರಿ, ಉದ್ದೇಶ ಮತ್ತು ನಿಯಮಾವಳಿ ಬರೆದು, ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ನೋಂದಣಿ ಸುಲಭ, ಕಷ್ಟ ಆಮೇಲಿನದು. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆದು, ತಪಾಸಣೆಯಾದ ಲೆಕ್ಕ ಮತ್ತು ಸಮಿತಿಯ ಪಟ್ಟಿಯನ್ನು ಸಲ್ಲಿಸುತ್ತಿರಬೇಕು. ಮೊದಲ ಉತ್ಸಾಹದಲ್ಲಿ ನೋಂದಣಿ ಮಾಡಿಸಿ ನಂತರ ಒಂದು ಕಾಗದವನ್ನೂ ಕೊಡದ ಸಂಘಗಳಿಗೆ ಬರವಿಲ್ಲ. ಅಂಥವು ದೊಡ್ಡ ದೇಣಿಗೆ ಬಂದ ದಿನ ಒದ್ದಾಡುತ್ತವೆ.

ಹೊರಗಿನ ಹಣ

80ಜಿ ಮಾಡಿಸೋಣವೇ ಎಂದು ಸಭೆಯಲ್ಲಿ ಯಾರಾದರೂ ಕೇಳುತ್ತಾರೆ. ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ಈ ಮಾನ್ಯತೆಗೆ ಪ್ರತ್ಯೇಕ ಅರ್ಜಿ, ವರ್ಷವರ್ಷದ ವಿವರ ಸಲ್ಲಿಕೆ ಎಲ್ಲ ಇವೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಈ ಸೌಲಭ್ಯವೇ ಇಲ್ಲ. ತಿಂಗಳಿಗೆ 200 ಕೊಡುವ ಬಡಾವಣೆಗೆ ಇದು ಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣದ ಮೇಲೆ ಕಣ್ಣಿದ್ದರೆ ಮಾತು ಬೇರೆ: ಅದನ್ನು ಪಡೆದು ಕೆಲಸ ಮಾಡುವ ಸಂಸ್ಥೆಗೆ ಈ 80ಜಿ ಮಾನ್ಯತೆಯ ಜೊತೆ ಸಿಎಸ್‌ಆರ್-1 ನೋಂದಣಿಯೂ, ಕನಿಷ್ಠ 3 ವರ್ಷ ಅಂಥ ಕೆಲಸ ಮಾಡಿದ ದಾಖಲೆಯೂ ಬೇಕು.

ಓಣಿಯವರೊಬ್ಬರ ಮಗ ಅಮೆರಿಕದಿಂದ ದೇಣಿಗೆ ಕಳಿಸುವ ವಿಷಯ ಸ್ವಲ್ಪ ಸೂಕ್ಷ್ಮ. ಅವನು ಇನ್ನೂ ಭಾರತದ ಪೌರನಾಗಿದ್ದು, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಕೈಯಲ್ಲಿ ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅವನ ಹಣ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅಡಿ ವಿದೇಶಿ ದೇಣಿಗೆ. ಕೇಂದ್ರ ಗೃಹ ಸಚಿವಾಲಯದ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ನೂರು ಡಾಲರ್ ಆದರೂ ಅಷ್ಟೇ. ಗೇಟಿಗೆ ಹಚ್ಚಿದ ಕ್ಯೂಆರ್ ಕೋಡಿನ ಚಿತ್ರ ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಮುದ್ರ ದಾಟುವ ಮೊದಲೇ ಇದನ್ನು ತಿಳಿಸಿ.

ಶಾಸಕರ ಮತ್ತು ಸಂಸದರ ನಿಧಿಗಳು ಎಲ್ಲರಿಗೂ ಗೊತ್ತು: ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ಅದು ಸಂಘದ ಖಾತೆಗೆ ಬರುವ ಹಣವಲ್ಲ. ಸರ್ಕಾರಿ ಏಜೆನ್ಸಿಯೊಂದು ಮಾಡುವ ಕಾಮಗಾರಿಯಾಗಿ ಬರುತ್ತದೆ, ಬಾಳಿಕೆ ಬರುವ ಆಸ್ತಿಗಾಗಿ. ಹಾಗಾಗಿ ಪೇವರ್ ಬ್ಲಾಕ್, ಓಪನ್ ಜಿಮ್, ಹೈಮಾಸ್ಟ್ ದೀಪ ಸಿಗುತ್ತವೆ. ಮಾಲಿ ಸಿಗುವುದಿಲ್ಲ. ಸಿಕ್ಕ ಪ್ರತಿ ಆಸ್ತಿಯೂ ನಡೆಸುವ ಗಂಟಿನ ಮೇಲೆ ಹೊಸ ಖರ್ಚು ಹೇರುತ್ತದೆ: ಹೈಮಾಸ್ಟಿನ ಬಿಲ್ಲು ಯಾರು ಕಟ್ಟುತ್ತಾರೆ, ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಯಾರ ಹೆಸರಿನಲ್ಲಿರುತ್ತದೆ ಎಂದು ಮನವಿ ಕೊಡುವಾಗಲೇ ಕೇಳಿಕೊಳ್ಳಬೇಕು. ಪಾಲಿಕೆಯೊಂದಿಗಿನ ಒಪ್ಪಂದದಲ್ಲಿ ನೀರು ಮತ್ತು ವಿದ್ಯುತ್ತನ್ನು ಪಾಲಿಕೆಯ ಪಾಲಿಗೆ ಬರೆಸಿಕೊಳ್ಳಲು ಆದರೆ, ಮೇಲಿನ ಉದಾಹರಣೆಯ ಲೆಕ್ಕದಲ್ಲಿ ವರ್ಷಕ್ಕೆ 26,000 ಉಳಿಯಿತು. ಯಾವ ದಾನಿಯೂ ವರ್ಷವರ್ಷ ಅಷ್ಟು ಕೊಡಲಾರ.

ಯಾವಾಗ ಕೇಳಬೇಕು, ಉಳಿದರೆ ಏನು ಮಾಡಬೇಕು

ಸಸಿ ನೆಡುವುದು ಜೂನಿನಲ್ಲಿ, ಮಿರಗದ ಮಳೆ ಹಿಡಿದ ಮೇಲೆ. ಹಾಗೆಂದು ಹಣವನ್ನೂ ಜೂನಿನಲ್ಲಿ ಕೇಳಲು ಹೋದರೆ ಕೈ ಬರಿದು. ಅದು ಶಾಲೆಯ ಫೀ, ಪುಸ್ತಕ, ಸಮವಸ್ತ್ರದ ತಿಂಗಳು. ರೈತಾಪಿ ಮನೆತನಗಳಿಗೆ ಬೀಜ-ಗೊಬ್ಬರದ ತಿಂಗಳು. ಚೌತಿಯ ಹಿಂದುಮುಂದಿನ ದಿನಗಳಂತೂ ಮಂಡಳಿಗಳವು. ಸಂಕ್ರಾಂತಿ ಕಳೆದು ಶಿವರಾತ್ರಿಯ ಒಳಗೆ, ಅಂದರೆ ಟ್ಯಾಂಕರಿನ ಖರ್ಚು ಶುರುವಾಗುವ ಮುನ್ನ, ವಾರ್ಷಿಕ ವಂತಿಗೆಯನ್ನು ಒಟ್ಟಿಗೆ ಕೊಡುವವರಿಂದ ಪಡೆಯುವುದು ಒಳ್ಳೆಯ ಕಾಲ. ಒಟ್ಟಿಗೆ 2,200 ಕೊಟ್ಟರೆ ಒಂದು ತಿಂಗಳದ್ದು ಬಿಟ್ಟಂತೆ ಎಂದರೆ ಪಿಂಚಣಿದಾರರು ತಕ್ಷಣ ಒಪ್ಪುತ್ತಾರೆ. ಸಮಿತಿಗೆ ತಿಂಗಳು ತಿಂಗಳು ಬಾಗಿಲು ತಟ್ಟುವ ಕೆಲಸ ಕಡಿಮೆಯಾಗುತ್ತದೆ, 200 ರೂಪಾಯಿಯ ನಷ್ಟ ಅಷ್ಟು ದೊಡ್ಡದಲ್ಲ.

ಮೂರು ತಿಂಗಳ ಖರ್ಚಿನಷ್ಟು, ಈ ಉದಾಹರಣೆಯಲ್ಲಿ 45,000, ಯಾವಾಗಲೂ ಕೈತಪ್ಪದಂತೆ ಠೇವಣಿಯಲ್ಲಿರಲಿ. ಅದಕ್ಕಿಂತ ಹೆಚ್ಚು ಕೂಡಿದರೆ ಮುಂದಿನ ವರ್ಷದ ವಂತಿಗೆ ಇಳಿಸಿ. ಹೊಸ ಕಮಾನು ಕಟ್ಟಿಸಬೇಡಿ. ನಾಳೆ ಪಾಲಿಕೆಯೇ ಗುತ್ತಿಗೆ ಕೊಟ್ಟು ಉದ್ಯಾನ ನೋಡಿಕೊಳ್ಳಲು ಶುರು ಮಾಡಿದರೆ ವಂತಿಗೆ ನಿಲ್ಲಿಸಿ, ಉಳಿದ ಹಣದ ಬಗ್ಗೆ ಸಭೆ ಕರೆಯಬೇಕು. ನೋಂದಾಯಿತ ಸಂಘವನ್ನು ಮುಚ್ಚಿದಾಗ ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅಂಥದ್ದೇ ಉದ್ದೇಶದ ಇನ್ನೊಂದು ಸಂಘಕ್ಕೆ ಕೊಡಬೇಕು. ಯಾವ ಸಂಘಕ್ಕೆ ಎಂಬುದನ್ನು ನಿಯಮಾವಳಿ ಬರೆಯುವ ದಿನವೇ ಬರೆದಿಟ್ಟರೆ ಮುಂದಿನವರಿಗೆ ಒಂದು ಜಗಳ ಕಡಿಮೆ.